ಕಾಂಪೌಂಡ್ ಗೋಡೆಯ ಮೇಲೊಂದು ಪಾರ್ ಲೈಟು

"ಎಂತ ಮಾರಾಯ, ಇದರ ಹಿಂದೆ ನಾಲ್ಕು ಗುಂಡಿ ಉಂಟು. ಒಂದು ಒತ್ತಿದರೆ ಕೆಂಪು ಅಕ್ಷರ ಬರ್ತದೆ, ಇನ್ನೊಂದು ಒತ್ತಿದರೆ ಬೇರೆ ಅಕ್ಷರ. ದೀಪ ಮಾತ್ರ ಹತ್ತುವುದಿಲ್ಲ. ಹಾಳಾಗಿದೆಯಾ?"

ಪಕ್ಕದ ಮನೆಯ ಅಕ್ಕ ಗೋಡೆಯ ಮೇಲೆ ಒಂದು ಹಳೇ ಬೆಡ್‌ಶೀಟ್ ಹಾಸಿ, ಅದರ ಮೇಲೆ ಎಲ್‌ಇಡಿ ಪಾರ್ ಲೈಟನ್ನು ಜೋಪಾನವಾಗಿ ಇಟ್ಟರು. ಅಡ್ಯಾರಿನ ಗಾಂಧಿನಗರದಲ್ಲಿ ಗೋಡೆಯ ಆಚೆ ಈಚೆ ನಿಂತು ಮಾತಾಡುವಂಥ ಒಂಟಿಮನೆಗಳು ಇನ್ನೂ ಕೆಲವು ಉಳಿದಿವೆ. ನಮ್ಮದೂ ಅಕ್ಕನದೂ ಅಂಥವು. ಅಕ್ಕ ಕುಂಬಳೆ ಕಡೆಯವರು. ಮದುವೆಯಾಗಿ ಮದ್ರಾಸಿಗೆ ಬಂದವರು ಇಲ್ಲೇ ಭರತನಾಟ್ಯ ಕಲಿತು, ಈಗ ತಾರಸಿಯ ಮೇಲೆ ಮಕ್ಕಳಿಗೆ ಪಾಠ ಹೇಳುತ್ತಾರೆ. ಈ ಸಲದ ವಾರ್ಷಿಕ ಕಾರ್ಯಕ್ರಮಕ್ಕೆ ಹಳೆಯ ಶಿಷ್ಯೆಯರೆಲ್ಲ ಸೇರಿ ಎಂಟು ದೀಪ ಕೊಡಿಸಿದ್ದಾರೆ. ದೀಪ ಬಂತು, ಅದನ್ನು ಆಡಿಸುವ ಬೋರ್ಡ್ ಬರಲಿಲ್ಲ. ಬೋರ್ಡ್ ಬಾಡಿಗೆಗೆ ತಂದರೆ ಅದರ ಜೊತೆ ಲೈಟಿನವರೂ ಬರಬೇಕು. ಡಿಸೆಂಬರ್ ಸೀಸನ್ ಹತ್ತಿರವಾದ ಮೇಲೆ ಈ ಊರಿನಲ್ಲಿ ಲೈಟಿನವರು ಸಿಗುವುದೆಂದರೆ ಸುಲಭದ ಮಾತಲ್ಲ.

"ಬೋರ್ಡ್ ಇಲ್ಲದೆ ಆಗ್ತದಾ ಇಲ್ವಾ, ಅದು ಹೇಳು ಮೊದಲು."

ಆಗುತ್ತದೆ ಅಕ್ಕ. ದೀಪ ಹಾಳಾಗಿಲ್ಲ. ಆ ಕೆಂಪು ಅಕ್ಷರದಲ್ಲಿ ‘ಡಿ 001’ ಅಂತ ಬರುತ್ತಿದೆಯಲ್ಲ, ಅದರರ್ಥ ಅದು ಬೋರ್ಡಿನ ಅಪ್ಪಣೆಗಾಗಿ ಕಾಯುತ್ತಿದೆ. ಅಪ್ಪಣೆ ಬರುತ್ತಿಲ್ಲ, ಹಾಗಾಗಿ ಕತ್ತಲಾಗಿ ಕೂತಿದೆ.

ಈ ಅಪ್ಪಣೆಗೆ ಡಿಎಂಎಕ್ಸ್ 512 ಅಂತ ಹೆಸರು. 1986ರಲ್ಲಿ ಅಮೆರಿಕದ ರಂಗತಂತ್ರಜ್ಞರ ಸಂಸ್ಥೆಯೊಂದು ಇದನ್ನು ರೂಪಿಸಿತು. ಅದಕ್ಕೆ ಮೊದಲು ಒಬ್ಬೊಬ್ಬ ತಯಾರಕರದು ಒಂದೊಂದು ಭಾಷೆ. ಒಂದು ಕಂಪನಿಯ ಬೋರ್ಡಿಗೆ, ಬೆಳಕನ್ನು ಏರಿಸಿ ಇಳಿಸುವ ಇನ್ನೊಂದು ಕಂಪನಿಯ ಡಿಮ್ಮರ್ ಜಗ್ಗುತ್ತಿರಲಿಲ್ಲ. ಈಗ ಒಂದೇ ತಂತಿಯಲ್ಲಿ 512 ಚಾನೆಲ್, ಒಂದೊಂದು ಚಾನೆಲ್‌ಗೂ ಸೊನ್ನೆಯಿಂದ 255ರವರೆಗೆ ಒಂದು ಅಂಕೆ. ಸೊನ್ನೆ ಎಂದರೆ ಆರಿರುವುದು, 255 ಎಂದರೆ ಪೂರ್ತಿ. ಅಷ್ಟೂ ಅಂಕೆಗಳು ಸೆಕೆಂಡಿಗೆ ಸುಮಾರು 44 ಸಲ ಹೊರಡುತ್ತವೆ. ಪ್ರತಿ ದೀಪವೂ ತನ್ನ ವಿಳಾಸದಿಂದ ಎಣಿಸಿ ತನಗೆ ಬೇಕಾದಷ್ಟು ಅಂಕೆ ತೆಗೆದುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಏಳು ಚಾನೆಲ್ ಬೇಡುವ ದೀಪವಾದರೆ ಮೊದಲನೆಯದಕ್ಕೆ 1, ಎರಡನೆಯದಕ್ಕೆ 8, ಮೂರನೆಯದಕ್ಕೆ 15 ಅಂತ ವಿಳಾಸ ಕೊಡುತ್ತಾರೆ. ಬೋರ್ಡ್ ಇದ್ದರೆ ಇದಿಷ್ಟೂ ಬೇಕು. ಇಲ್ಲದಿದ್ದರೆ ದೀಪದ ಹೊಟ್ಟೆಯೊಳಗೇ ಒಂದು ಪುಟ್ಟ ಕಂಪ್ಯೂಟರ್ ಇದೆ, ಅದನ್ನು ಮಾತಾಡಿಸಬೇಕು. ಈ ನಾಲ್ಕು ಗುಂಡಿ ಇರುವುದು ಅದಕ್ಕೇ: ಮೆನು, ಮೇಲೆ, ಕೆಳಗೆ, ಎಂಟರ್.

ನಾನು ಗುಂಡಿ ಒತ್ತುತ್ತಾ ಹೋದೆ, ಅಕ್ಕ ಕನ್ನಡಕ ಏರಿಸಿಕೊಂಡು ನೋಡುತ್ತಾ ಹೋದರು. ‘ಆರ್’ ಎಂಬ ಅಕ್ಷರದ ಮುಂದೆ ಸೊನ್ನೆ ಸೊನ್ನೆ ಸೊನ್ನೆ. ಮೇಲಿನ ಗುಂಡಿ ಒತ್ತಿ ಹಿಡಿದಾಗ ಅಂಕೆ ಏರತೊಡಗಿತು, ಜೊತೆಗೇ ಗೋಡೆಯ ಪಕ್ಕದ ಕರಿಬೇವಿನ ಗಿಡ ಕೆಂಪಾಗುತ್ತಾ ಬಂತು. ಆಮೇಲೆ ‘ಜಿ’ಗೆ ಹೋಗಿ ಹಸಿರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿದಾಗ ಕೆಂಪು ಕೇಸರಿಯಾಗಿ, ಕೇಸರಿ ಅರಿಶಿನದ ಕಡೆಗೆ ತಿರುಗಿತು. ಅಕ್ಕ ನನ್ನ ಕೈ ಸರಿಸಿ ತಾವೇ ಒತ್ತಲು ಶುರು ಮಾಡಿದರು.

"ಇಷ್ಟೇಯಾ! ಇದನ್ನು ಯಾರೂ ಹೇಳಲಿಲ್ಲ ನೋಡು."

ಇದು ಎಲ್‌ಇಡಿ ಬಂದ ಮೇಲೆ ಆದ ಅನುಕೂಲ. ಮೊದಲು ಸ್ಟೇಜಿನ ಮೇಲೆ ತೂಗುತ್ತಿದ್ದ ಪಾರ್ 64 ದೀಪಕ್ಕೆ ತನ್ನದೇ ಬುದ್ಧಿ ಏನೂ ಇರಲಿಲ್ಲ. 1000 ವ್ಯಾಟ್‌ನ ಬಲ್ಬು, ಮುಂದೆ ಬಣ್ಣದ ಜೆಲ್ ಹಾಳೆ, ಅಷ್ಟೆ. ಬೆಳಕು ಏರುವುದು ಇಳಿಯುವುದೆಲ್ಲ ದೂರದಲ್ಲಿದ್ದ ಡಿಮ್ಮರ್‌ನಲ್ಲಿ. ಅಂಥ ಎಂಟು ದೀಪ ಹಚ್ಚಿದರೆ 8000 ವ್ಯಾಟ್. ನಮ್ಮ 230 ವೋಲ್ಟ್‌ನಲ್ಲಿ ಹತ್ತಿರ ಹತ್ತಿರ 35 ಆಂಪಿಯರ್. ಸಣ್ಣ ಹಾಲ್‌ನ 15 ಆಂಪಿಯರ್ ಪ್ಲಗ್ಗು ಇದನ್ನು ತಡೆಯುವುದಿಲ್ಲ, ತ್ರೀ ಫೇಸ್ ಎಳೆಯಬೇಕು, ಇಲ್ಲವೇ ಜನರೇಟರ್ ತರಬೇಕು. ಈಗ ಅಕ್ಕನ ದೀಪದಲ್ಲಿರುವುದು ಮೂರು ವ್ಯಾಟ್‌ನ 54 ಎಲ್‌ಇಡಿ. ಹೇಳಿಕೊಳ್ಳುವ ಲೆಕ್ಕವನ್ನೇ ಪೂರ್ತಿ ಹಿಡಿದರೂ ಎಂಟು ದೀಪಕ್ಕೆ 1300 ವ್ಯಾಟ್ ದಾಟುವುದಿಲ್ಲ. ಆರು ಆಂಪಿಯರ್‌ಗೂ ಒಳಗೆ, ಒಂದೇ ಪ್ಲಗ್ಗಿನಲ್ಲಿ ಮುಗಿಯಿತು. ಜೆಲ್ ಹಾಳೆ ಸುಟ್ಟುಹೋಗುವ ಭಯವಿಲ್ಲ, ಅಲರಿಪು ಮುಗಿಯುವಷ್ಟರಲ್ಲಿ ಮಕ್ಕಳ ಮೇಕಪ್ಪು ಕರಗಿ ಇಳಿಯುವುದೂ ಇಲ್ಲ. ಸಣ್ಣ ಡ್ಯಾನ್ಸ್ ಶಾಲೆಗಳಿಗೆ, ಹವ್ಯಾಸಿ ನಾಟಕ ತಂಡಗಳಿಗೆ ಇದು ದೊಡ್ಡ ಉಪಕಾರ. ನಾನು ಬೆಂಗಳೂರಿನಲ್ಲಿದ್ದಾಗ ನಾಟಕ ತಂಡಗಳ ಜೊತೆ ದೀಪ ಹೊತ್ತು ತಿರುಗಿದವನಾದ್ದರಿಂದ ಈ ಬದಲಾವಣೆ ಕಂಡು ಮನಸಾರೆ ಸಂತೋಷಪಡುತ್ತೇನೆ.

ಸಂತೋಷವನ್ನು ಅಕ್ಕನ ಜೊತೆ ಹಂಚಿಕೊಳ್ಳುತ್ತಿರುವಾಗಲೇ ಅವರು ಇನ್ನೊಂದು ಗುಂಡಿ ಒತ್ತಿಬಿಟ್ಟರು. ಪರದೆಯ ಮೇಲೆ ಧ್ವನಿಯ ಆಯ್ಕೆ ಬಂತು. ಆಚೆ ರಸ್ತೆಯಲ್ಲಿ ಆಟೋ ಹಾರ್ನ್ ಹೊಡೆದ ಕೂಡಲೇ ದೀಪ ನೀಲಿಗೆ ಹಾರಿತು. ಅಕ್ಕ ಚಪ್ಪಾಳೆ ತಟ್ಟಿದರು, ಹಸಿರಾಯಿತು.

"ಹೋ! ಇದು ಒಳ್ಳೇದುಂಟಲ್ಲ. ಮೃದಂಗಕ್ಕೆ ಸರಿಯಾಗಿ ತಾನೇ ಕುಣೀತದೆ. ಯಾರೂ ಬೇಡ."

ಅಕ್ಕ, ದಯವಿಟ್ಟು ಇದೊಂದನ್ನು ಮುಟ್ಟಬೇಡಿ ಅಂದೆ. ಇಷ್ಟು ನಿಷ್ಠುರವಾಗಿ ನಾನು ಅವರ ಹತ್ತಿರ ಮಾತಾಡುವವನಲ್ಲ. ಆದರೆ ನದಿಯ ಆಚೆ ದಡದ ಒಂದು ಸಣ್ಣ ಹಾಲ್‌ನಲ್ಲಿ ನೋಡಿದ್ದು ಇನ್ನೂ ಕಣ್ಣಿನಲ್ಲಿದೆ. ಹದಿನಾರು ಹದಿನೇಳರ ಹುಡುಗಿ ಪದಕ್ಕೆ ಅಭಿನಯ ಹಿಡಿದಿದ್ದಳು. ನಾಯಕ ಬರಲಿಲ್ಲವೆಂದು ಬಾಗಿಲ ಕಡೆ ನೋಡುವುದು, ಕಾಲ್ಸಪ್ಪಳ ಕೇಳಿ ಮುಖ ಅರಳುವುದು, ಬೇರೆ ಯಾರೋ ಎಂದು ತಿಳಿದು ಬಾಡುವುದು. ಬಲು ಚೆನ್ನಾಗಿ ಮಾಡುತ್ತಿದ್ದಳು. ದೀಪಗಳೆಲ್ಲ ಸೌಂಡ್ ಮೋಡ್‌ನಲ್ಲಿದ್ದವು. ಮೃದಂಗದವರು ಮೆತ್ತಗೆ ಒಂದು ಚಾಪು ಕೊಟ್ಟರು, ಅವಳ ಮುಖ ಹಸಿರಾಯಿತು. ನಟ್ಟುವಾಂಗದ ತಾಳ ತಟ್ಟಿತು, ನೇರಳೆಯಾಯಿತು. ಎದುರಿನ ಸಾಲಿನಲ್ಲಿ ಯಾರೋ ಕೆಮ್ಮಿದರು, ಕೆಂಪಾಯಿತು. ಆ ಮಗುವಿನ ಕಣ್ಣಿನಲ್ಲಿ ನಡೆಯುತ್ತಿದ್ದುದನ್ನು ನೋಡಲು ಯಾರಿಗೂ ಸಾಧ್ಯವಾಗಲಿಲ್ಲ. ವರ್ಷಗಟ್ಟಲೆ ಕಲಿತದ್ದನ್ನು ಅಂದು ಒಂದು ಅಗ್ಗದ ಮೈಕ್ ನುಂಗಿಹಾಕಿತು. ದೀಪದೊಳಗಿನ ಆ ಮೈಕಿಗೆ ಮೃದಂಗ ಯಾವುದು, ಕೆಮ್ಮು ಯಾವುದು, ಫ್ಯಾನಿನ ಗರಗರ ಯಾವುದು ಎಂಬ ವಿವೇಕವಿಲ್ಲ. ಸದ್ದು ಒಂದು ಮಟ್ಟ ದಾಟಿದರೆ ಬಣ್ಣ ಬದಲಿಸುವುದಷ್ಟೇ ಅದಕ್ಕೆ ಗೊತ್ತು.

ಅಕ್ಕ ಸುಮ್ಮನಾದರು. ಆಮೇಲೆ, "ಹಾಗಾದರೆ ಆಟೋಮ್ಯಾಟಿಕ್ ಅಂತ ಇನ್ನೊಂದು ಉಂಟಲ್ಲ, ಅದು?" ಎಂದರು.

ಅದು ಸೌಂಡ್‌ನಷ್ಟು ಕೆಟ್ಟದ್ದಲ್ಲ. ಒಳಗೇ ಬರೆದಿಟ್ಟ ಕೆಲವು ಕಾರ್ಯಕ್ರಮಗಳಿರುತ್ತವೆ. ಕೊಂಚ ಒಳ್ಳೆಯ ದೀಪದಲ್ಲಿ ನಾವೇ ಬರೆಯಬಹುದು. ಮೊದಲ ಹೆಜ್ಜೆಗೆ ಇಂಥ ಬಣ್ಣ, ಅದು ಇಷ್ಟು ಸೆಕೆಂಡ್ ನಿಲ್ಲಬೇಕು, ಮುಂದಿನದಕ್ಕೆ ಇಷ್ಟು ಸೆಕೆಂಡಿನಲ್ಲಿ ಕರಗಬೇಕು. ಎರಡನೆಯ ಹೆಜ್ಜೆ, ಮೂರನೆಯದು, ಹೀಗೆ. ಒಂದು ಸಲ ಬರೆದರೆ ಕರೆಂಟ್ ತೆಗೆದರೂ ನೆನಪು ಹೋಗುವುದಿಲ್ಲ. ಒಂದು ದೀಪದಲ್ಲಿ ಬರೆದು ಅದನ್ನು ಮಾಸ್ಟರ್ ಮಾಡಿ, ಉಳಿದವನ್ನು ಸ್ಲೇವ್ ಮಾಡಿ, ಒಂದರಿಂದ ಒಂದಕ್ಕೆ ಕೇಬಲ್ ಎಳೆದರೆ ಮಾಸ್ಟರ್ ದೀಪವೇ ಬೋರ್ಡಿನ ಭಾಷೆಯಲ್ಲಿ ಮಿಕ್ಕವಕ್ಕೆ ಅಪ್ಪಣೆ ಕೊಡುತ್ತದೆ. ಎಲ್ಲ ದೀಪಗಳೂ ಒಂದೇ ಕಂಪನಿಯ ಒಂದೇ ಮಾಡೆಲ್ ಆಗಿರಬೇಕು, ಇಲ್ಲದಿದ್ದರೆ ಒಂದರ ಕೆಂಪು ಇನ್ನೊಂದರ ಮಿಣುಕಾಗುತ್ತದೆ. ಒಂದು ಸಾಲಿಗೆ ಒಂದೇ ಮಾಸ್ಟರ್. ಇಬ್ಬರು ಮಾತಾಡಲು ಹೊರಟರೆ ದೀಪಗಳೆಲ್ಲ ಪಟಪಟನೆ ಮಿಟುಕುತ್ತವೆ.

ಕೇಬಲ್ ಬೇಡ, ಎಲ್ಲ ದೀಪಕ್ಕೂ ಒಂದೇ ಕಾರ್ಯಕ್ರಮ ಬರೆದು ಒಟ್ಟಿಗೆ ಸ್ವಿಚ್ ಹಾಕಿಬಿಡೋಣ ಎನ್ನುವವರಿದ್ದಾರೆ. ಹತ್ತು ನಿಮಿಷಕ್ಕೆ ಪರವಾಗಿಲ್ಲ. ಪ್ರತಿ ದೀಪದ ಒಳಗಿನ ಗಡಿಯಾರವೂ ಬೇರೆ. ಎರಡರ ನಡುವೆ ನೂರಕ್ಕೆ ಒಂದರಷ್ಟು ವ್ಯತ್ಯಾಸ ಇದ್ದರೂ ಸಾಕು, ಒಂದೂವರೆ ಗಂಟೆಯ ಕಾರ್ಯಕ್ರಮದ ಕೊನೆಗೆ 54 ಸೆಕೆಂಡ್ ಹಿಂದುಮುಂದಾಗಿರುತ್ತವೆ. ಬಲಗಡೆ ಬೆಳಗಾಗಿರುತ್ತದೆ, ಎಡಗಡೆ ಇನ್ನೂ ರಾತ್ರಿ.

ಆದರೆ ನನ್ನ ತಕರಾರು ಗಡಿಯಾರದ ತಪ್ಪಿನದ್ದಲ್ಲ. ಗಡಿಯಾರ ಸರಿಯಾಗಿದ್ದರೂ ಉಳಿಯುವ ತಕರಾರು ಅದು.

"ಅಕ್ಕ, ನಿಮ್ಮ ದೊಡ್ಡ ಹುಡುಗಿ ವರ್ಣ ಮಾಡುತ್ತಾಳಲ್ಲ, ಎಷ್ಟು ಹೊತ್ತು?"

"ಮೂವತ್ತೈದು ನಿಮಿಷ. ಹಾಡುವವರು ಉಮೇದಿನಲ್ಲಿದ್ದರೆ ನಲವತ್ತು. ಸಂಚಾರಿ ಚೆನ್ನಾಗಿ ಕೂತರೆ ನಾನೇ ಇನ್ನೊಂದಾವರ್ತ ಬಿಡ್ತೇನೆ."

ಅದೇ ನೋಡಿ. ಆ ಇನ್ನೊಂದಾವರ್ತವನ್ನು ದೀಪದಲ್ಲಿ ಬರೆಯುವುದು ಹೇಗೆ? ಹುಡುಗಿ ಸಾಲನ್ನು ಮತ್ತೊಮ್ಮೆ ಹಿಡಿಯುತ್ತಾಳೆ, ಅಕ್ಕ ಕಣ್ಣಿನಲ್ಲೇ ಹೂಂ ಅನ್ನುತ್ತಾರೆ, ಹಾಡುವವರು ಹಿಂತಿರುಗುತ್ತಾರೆ, ಮೃದಂಗದವರು ಕೈ ಇಳಿಸುತ್ತಾರೆ. ವೇದಿಕೆಯ ಮೇಲಿರುವವರೆಲ್ಲ ಅವಳ ಜೊತೆ ಹಿಂದೆ ಬಂದರು. ದೀಪ ಮಾತ್ರ ಹದಿನೆಂಟನೇ ನಿಮಿಷಕ್ಕೆ ಬೆಳದಿಂಗಳು ಎಂದು ಬರೆದಿದೆಯೆಂದು ಬೆಳದಿಂಗಳಿಗೆ ಹೋಗಿಬಿಡುತ್ತದೆ. ಮುದ್ರಿತ ಹಾಡಿಗೆ ಕುಣಿಯುವ ಗುಂಪು ನೃತ್ಯವಾದರೆ ಅಡ್ಡಿಯಿಲ್ಲ, ಹಾಡೂ ಗಡಿಯಾರದಂತೆಯೇ ನಡೆಯುತ್ತದೆ. ಮದುವೆ ಮಂಟಪದ ಹಿಂದಿನ ಪರದೆ, ಹಾಲ್‌ನ ಬಾಗಿಲಲ್ಲಿ ಹಾಕಿದ ರಂಗೋಲಿ, ಗೊಂಬೆ ಕೂರಿಸಿದ ಮೆಟ್ಟಿಲು, ಇವಕ್ಕೂ ಬಣ್ಣ ನಿಧಾನವಾಗಿ ತಾನೇ ಬದಲಾಗುತ್ತಿದ್ದರೆ ಚೆಂದವೇ. ಎದುರಿಗೆ ಮನುಷ್ಯರು ಹಾಡುತ್ತ ಬಾರಿಸುತ್ತ ಇರುವಾಗ ಹೊತ್ತನ್ನು ದೀಪದ ಕೈಗೆ ಕೊಡಬಾರದು.

ಅಡ್ಯಾರ್ ಡಿಪೋ ಹತ್ತಿರದ ಸಿಗ್ನಲ್‌ನಲ್ಲಿ ಸಂಜೆ ಆರರ ಮೇಲೆ ನಿಂತು ನೋಡಿದವರಿಗೆ ಇದು ಗೊತ್ತು. ಇಡೀ ದಿನ ತಾನೇ ಹಸಿರು ಕೆಂಪು ಹಾಕುತ್ತಿದ್ದ ಸಿಗ್ನಲ್ಲನ್ನು ಜನ ಹೆಚ್ಚಾದ ಹೊತ್ತಿನಲ್ಲಿ ಕಾನ್‌ಸ್ಟೇಬಲ್ ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ಸೇತುವೆ ಕಡೆಯಿಂದ ಬಸ್ಸು ಎಷ್ಟು ನಿಂತಿವೆ, ಆಂಬುಲೆನ್ಸ್ ಯಾವ ಕಡೆ ಸಿಕ್ಕಿಬಿದ್ದಿದೆ ಎಂದು ಕಣ್ಣಿನಲ್ಲಿ ನೋಡಿ ಗುಂಡಿ ಒತ್ತುತ್ತಾರೆ. ಅದೇ ದೀಪ, ಅದೇ ಬಣ್ಣ. ಹೊತ್ತು ಮಾತ್ರ ನೋಡುವವರ ಕೈಯಲ್ಲಿದೆ.

ಅಕ್ಕನಿಗೆ ಸಿಗ್ನಲ್‌ಗಿಂತ ಬೇರೆಯದು ನೆನಪಾಯಿತು.

"ನಮ್ಮಲ್ಲಿ ಯಕ್ಷಗಾನದ ಆಟಕ್ಕೆ ದೊಂದಿ ಇತ್ತು. ಅಜ್ಜಯ್ಯ ಹೇಳ್ತಿದ್ದರು. ಬಣ್ಣದ ವೇಷ ಬರುವಾಗ ದೊಂದಿಗೆ ರಾಳದ ಹುಡಿ ಎಸೀತಿದ್ದರಂತೆ. ಧಗ್ ಅಂತ ಬೆಂಕಿ ಎದ್ದು, ಆ ಬೆಳಕಿನಲ್ಲಿ ರಾಕ್ಷಸನ ಮುಖ ಒಂದು ಗಳಿಗೆ ಕಾಣ್ತಿತ್ತು. ಮಕ್ಕಳೆಲ್ಲ ಅಪ್ಪನ ಬೆನ್ನ ಹಿಂದೆ."

ಯಕ್ಷಗಾನದ ಬೆಳಕಿನ ಬಗ್ಗೆ ನಾನು ಯಾವತ್ತೂ ಬೆರಗಾಗುವುದು ಇಲ್ಲಿಯೇ. ರಾಳ ಎಸೆಯುವವನಿಗೆ ಯಾವ ಕಾಗದವೂ ಇರಲಿಲ್ಲ. ಭಾಗವತರ ಪದ, ಚೆಂಡೆಯ ಏರು, ತೆರೆಯ ಹಿಂದಿನಿಂದ ವೇಷಧಾರಿಯ ಆರ್ಭಟೆ, ಇದೆಲ್ಲ ಕೂಡಿಬಂದ ಕ್ಷಣ ನೋಡಿ ಅವನು ಎಸೆಯಬೇಕು. ಒಂದು ಉಸಿರು ಮೊದಲಾದರೆ ಹುಡಿ ವ್ಯರ್ಥ, ಒಂದು ಉಸಿರು ತಡವಾದರೆ ವೇಷ ಆಗಲೇ ಮುಂದೆ ಬಂದಿರುತ್ತದೆ. ದೊಂದಿಗೆ ಎಣ್ಣೆ ಹೊಯ್ಯುವವನೂ ರಾತ್ರಿಯಿಡೀ ಎಚ್ಚರವಾಗಿಯೇ ಇರಬೇಕಿತ್ತು. ಆಮೇಲೆ ಗ್ಯಾಸ್‌ಲೈಟ್ ಬಂತು, ಟ್ಯೂಬ್‌ಲೈಟ್ ಬಂತು. ಬೆಳಕು ಹೆಚ್ಚಾಯಿತು. ರಾತ್ರಿಯಿಡೀ ಒಂದೇ ಸಮ ಉರಿಯುವ ಬೆಳಕು.

ದೀಪದ ಹತ್ತಿರ ಒಬ್ಬರು ಎಚ್ಚರವಾಗಿರಬೇಕಾದದ್ದು ಸಿನಿಮಾದಲ್ಲೂ ಹಾಗೇ. ಇಲ್ಲೇ ಈಗ ಎಂಜಿಆರ್ ಜಾನಕಿ ಮಹಿಳಾ ಕಾಲೇಜು ಇರುವ ಜಾಗದಲ್ಲಿ ಸತ್ಯಾ ಸ್ಟುಡಿಯೋ ಇತ್ತು. ಐವತ್ತು ಅರವತ್ತರ ದಶಕದಲ್ಲಿ ನಮ್ಮ ಕನ್ನಡ ಸಿನಿಮಾಗಳು ಬಹುಪಾಲು ಈ ಊರಿನ ಸ್ಟುಡಿಯೋಗಳಲ್ಲೇ ತಯಾರಾದವು. ಆ ಕಾಲದ ಆರ್ಕ್ ಲ್ಯಾಂಪಿನಲ್ಲಿ ಎರಡು ಇಂಗಾಲದ ಕಡ್ಡಿಗಳ ನಡುವೆ ಕಿಡಿ ಉರಿಯುತ್ತಿತ್ತು. ಕಡ್ಡಿ ಸವೆದಂತೆ ಅಂತರ ತಪ್ಪದಂತೆ ನೋಡಿಕೊಳ್ಳಲು ದೀಪದ ಪಕ್ಕ ಒಬ್ಬ ಲೈಟ್‌ಬಾಯ್ ಇರಲೇಬೇಕು. ಪರದೆಯ ಮೇಲೆ ನಾವು ನೋಡಿದ ಪ್ರತಿ ಮುಖದ ಹಿಂದೆ ಮೇಲಿನ ಅಟ್ಟಣಿಗೆಯಲ್ಲಿ ಬೆವರುತ್ತ ನಿಂತ ಒಬ್ಬ ಮನುಷ್ಯನಿದ್ದ. ಅವರ ಹೆಸರುಗಳು ಟೈಟಲ್ ಕಾರ್ಡಿಗೂ ಬರಲಿಲ್ಲ. ಆ ಬಗ್ಗೆ ನನಗೆ ಬೇಸರವಿದೆ.

"ಹಾಗಂತ ಮೊದಲೇ ಬರೆದಿಟ್ಟ ದೀಪ ಇಲ್ಲವೇ ಇರಲಿಲ್ವಾ? ಆಡಿ ತಿಂಗಳಲ್ಲಿ ಅಮ್ಮನ್ ಕೋವಿಲ್ ಮುಂದೆ ಹಾಕ್ತಾರಲ್ಲ, ಸೀರಿಯಲ್ ಸೆಟ್ಟು, ದೇವಿ ಶೂಲ ಎತ್ತುವುದು, ಚಕ್ರ ತಿರುಗುವುದು?" ಅಕ್ಕ ಬಿಡುವವರಲ್ಲ.

ಇತ್ತು, ಎಷ್ಟು ಚೆನ್ನಾಗಿತ್ತು! ಆ ಬಲ್ಬಿನ ಕಟೌಟುಗಳ ಹಿಂದೆ ಮರದ ಒಂದು ಉರುಳೆ ಇರುತ್ತಿತ್ತು. ಸಣ್ಣ ಮೋಟರ್ ಅದನ್ನು ನಿಧಾನವಾಗಿ ತಿರುಗಿಸುತ್ತಿತ್ತು. ಉರುಳೆಯ ಮೈಮೇಲೆ ತಾಮ್ರದ ತಗಡಿನ ಪಟ್ಟಿಗಳನ್ನು ಕತ್ತರಿಸಿ ಹೊಡೆದಿರುತ್ತಿದ್ದರು. ಎದುರಿಗೆ ಸಾಲಾಗಿ ಲೋಹದ ನಾಲಗೆಗಳು. ಪಟ್ಟಿ ಯಾವ ನಾಲಗೆಗೆ ತಾಗಿತೋ ಆ ಸಾಲಿನ ಬಲ್ಬು ಹತ್ತುತ್ತದೆ, ತಪ್ಪಿದರೆ ಆರುತ್ತದೆ. ದೇವಿಯ ಕೈ ಎಷ್ಟು ಹೊತ್ತು ಮೇಲಿರಬೇಕೋ ಪಟ್ಟಿ ಅಷ್ಟು ಉದ್ದ. ಕೆಳಗಿನ ಕೈ, ನಡುವಿನ ಕೈ, ಮೇಲಿನ ಕೈ ಎಂದು ಮೂರು ಪಟ್ಟಿ ಒಂದಕ್ಕೊಂದು ಸ್ವಲ್ಪ ಸರಿದು ಕೂತಿದ್ದರೆ ಕೈ ಎತ್ತಿದಂತೆ ಕಾಣುತ್ತದೆ. ಹತ್ತಿರ ಹೋದರೆ ಟಿಕಿಟಿಕಿ ಸದ್ದು, ನೀಲಿ ಕಿಡಿ, ಬಿಸಿಯಾದ ತಾಮ್ರದ ವಾಸನೆ. ನಾನು ಹುಡುಗನಾಗಿದ್ದಾಗ ಗಣೇಶನ ಪೆಂಡಾಲಿನಲ್ಲಿ ದೇವರಿಗೆ ಕೈ ಮುಗಿದು ನೇರ ಹಿಂದೆ ಹೋಗಿ ಈ ಉರುಳೆ ನೋಡುತ್ತ ಕೂರುತ್ತಿದ್ದೆ. ತಗಡು ಕತ್ತರಿ ಹಿಡಿದು ಕಾರ್ಯಕ್ರಮ ಬರೆದ ಆ ಮೇಸ್ತ್ರಿಗಳೇ ಈ ವಿದ್ಯೆಯ ಹಿರಿಯರು. ಈಗ ಅದೇ ಕೆಲಸವನ್ನು ಬೆರಳುಗುರಿನಷ್ಟು ಚಿಪ್ಪು ಮಾಡುತ್ತದೆ. ಅಲ್ಲಿ ದೇವಿ ಯಾರನ್ನೂ ಕಾಯಬೇಕಾಗಿರಲಿಲ್ಲ, ಸುತ್ತು ಮುಗಿದರೆ ಮತ್ತೆ ಮೊದಲಿನಿಂದ. ಹಾಗಾಗಿ ಉರುಳೆ ಅಲ್ಲಿಗೆ ಒಪ್ಪಿತು.

ವೇದಿಕೆಯ ಮೇಲೆ ಅದ್ಭುತ ಮಾಡಿದವರು ಕೈಯಲ್ಲೇ ಮಾಡಿದರು. ಕಲ್ಕತ್ತೆಯ ಮಿನರ್ವಾ ಥಿಯೇಟರಿನಲ್ಲಿ 1959ರಲ್ಲಿ ಉತ್ಪಲ್ ದತ್ತರ ‘ಅಂಗಾರ್’ ನಾಟಕಕ್ಕೆ ತಾಪಸ್ ಸೇನ್ ಬೆಳಕು ಮಾಡಿದರು. ಕಲ್ಲಿದ್ದಲ ಗಣಿಯೊಳಗೆ ನೀರು ನುಗ್ಗಿ ಕಾರ್ಮಿಕರು ಮುಳುಗುವ ದೃಶ್ಯ. ಒಂದು ತೊಟ್ಟು ನೀರಿಲ್ಲದೆ, ಬರೀ ಬೆಳಕಿನಲ್ಲಿ ನೀರು ಏರುವುದನ್ನು ತೋರಿಸಿದರು. ನಮ್ಮ ನೀನಾಸಂ ತಿರುಗಾಟದವರು 1985ರಿಂದ ತಮ್ಮ ದೀಪ, ತಮ್ಮ ಸಲಕರಣೆಯನ್ನು ತಾವೇ ಹೊತ್ತು ಊರೂರಿಗೆ ಹೋಗುತ್ತಾರೆ. ದೀಪದ ಜೊತೆ ದೀಪ ಆಡಿಸುವವರೂ ಅದೇ ಬಸ್ಸಿನಲ್ಲಿ ಬರುತ್ತಾರೆ, ನಾಟಕ ಅವರಿಗೆ ಮಾತು ಮಾತಿಗೂ ಬಾಯಿಪಾಠ. ಇನ್ನು ಈ ಅಡ್ಯಾರಿನ ನೆಲದ ಮಾತೇ ತೆಗೆದುಕೊಳ್ಳಿ. 1935ರಲ್ಲಿ ಥಿಯಾಸಾಫಿಕಲ್ ಸೊಸೈಟಿಯ ವಜ್ರಮಹೋತ್ಸವದಲ್ಲಿ ರುಕ್ಮಿಣಿದೇವಿ ಅರುಂಡೇಲ್ ಕುಣಿದರು, ಮರುವರ್ಷ ಇಲ್ಲೇ ಕಲಾಕ್ಷೇತ್ರ ಹುಟ್ಟಿತು. ಅದು ತಿರುವಾನ್ಮಿಯೂರಿಗೆ ಹೋದದ್ದು ಎಷ್ಟೋ ವರ್ಷದ ಮೇಲೆ. ಅಡವು, ಅಭಿನಯದ ಜೊತೆಗೇ ಸೀರೆಯ ಬಣ್ಣ, ಆಭರಣ, ಹಿಂದಿನ ಪರದೆ, ಬೆಳಕು ಎಲ್ಲವೂ ನೃತ್ಯದ ಭಾಗವೇ ಎಂದು ಅವರು ನಡೆಸಿ ತೋರಿಸಿದರು. ಆ ಎಚ್ಚರ ಇದ್ದ ಊರಿನಲ್ಲಿ ಮಕ್ಕಳ ಮುಖದ ಮೇಲೆ ಡಿಸ್ಕೋ ಬಣ್ಣ ಹಾರಿಸುವುದನ್ನು ನನ್ನಿಂದ ಸಹಿಸಲಾಗುವುದಿಲ್ಲ.

"ಭಾಷಣ ಸಾಕು. ನನ್ನ ಎಂಟು ದೀಪಕ್ಕೆ ಎಂತ ಮಾಡುವಾ, ಅದು ಹೇಳು."

ಹೀಗೆ ಮಾಡೋಣ ಎಂದೆ. ಎಂಟರಲ್ಲಿ ಒಂದನ್ನು ಮಾಸ್ಟರ್ ಮಾಡಿ ಸ್ಟೇಜಿಗೆ ಹಾಕುವುದೇ ಬೇಡ. ಸೈಡ್‌ವಿಂಗಿನಲ್ಲಿ ಒಂದು ಸ್ಟೂಲಿನ ಮೇಲೆ, ಮುಖ ಗೋಡೆಗೆ ತಿರುಗಿಸಿ, ಬೆನ್ನು ನಮ್ಮ ಕಡೆಗಿಟ್ಟು ಕೂರಿಸೋಣ. ಉಳಿದವು ಅದರ ಹಿಂದೆ ಕೇಬಲ್‌ನಲ್ಲಿ ಸ್ಲೇವ್. ಮಾಸ್ಟರ್‌ನ ಬೆನ್ನಿನ ಗುಂಡಿ ಒತ್ತಿ ಬಣ್ಣ ಬದಲಿಸಿದರೆ ಸ್ಟೇಜಿನ ಮೇಲಿನವೆಲ್ಲ ಬದಲಾಗುತ್ತವೆ. ಒಂದು ದೀಪ ಕಳೆದುಕೊಂಡೆವು, ಆದರೆ ಗುಂಡಿ ಕೈಗೆ ಸಿಕ್ಕಿತು. ಕೆಲವು ಮಾಡೆಲ್‌ಗಳಲ್ಲಿ ಮಾಸ್ಟರ್ ತನ್ನ ಆಟೋ ಕಾರ್ಯಕ್ರಮವನ್ನು ಮಾತ್ರ ಕಳಿಸುತ್ತದೆ, ನಿಂತ ಬಣ್ಣವನ್ನು ಕಳಿಸುವುದಿಲ್ಲ. ಇವತ್ತೇ ಎರಡು ದೀಪ ಜೋಡಿಸಿ ನೋಡಿಬಿಡಬೇಕು.

ನೋಡಿದೆವು. ಕಳಿಸಿತು. ಅಕ್ಕನ ಮುಖ ನೋಡಬೇಕಿತ್ತು.

ಬಣ್ಣ ಎಷ್ಟು ಬೇಕು ಎಂಬುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅಕ್ಕ ಹತ್ತು ಹೇಳಿದರು, ನಾನು ಮೂರಕ್ಕೆ ಇಳಿಸಿದೆ. ಒಂದು, ಮುಖಕ್ಕೆ ಒಪ್ಪುವ ಬೆಚ್ಚನೆಯ ಬಿಳಿ. ಕಾರ್ಯಕ್ರಮದ ಮುಕ್ಕಾಲು ಪಾಲು ಇದೇ. ಎರಡು, ಸಂಜೆಯ ಕೇಸರಿ. ಮೂರು, ತೆಳು ನೀಲಿ. ಈ ದೀಪದಲ್ಲಿ ಕೆಂಪು ಹಸಿರು ನೀಲಿ ಮೂರನ್ನೂ 255ಕ್ಕೆ ಏರಿಸಿದರೆ ಬರುವ ಬಿಳಿಯನ್ನು ಮಾತ್ರ ಹಾಕಬಾರದು. ಅದರಲ್ಲಿ ನೀಲಿ ಮುಂದಾಗಿ ಅರಿಶಿನ ಹಚ್ಚಿದ ಕೆನ್ನೆ ಬೂದಿ ಬಳಿದಂತೆ ಕಾಣುತ್ತದೆ. ಕೆಂಪು 255, ಹಸಿರು 150ರ ಆಸುಪಾಸು, ನೀಲಿ 60. ಅಲ್ಲಿಂದ ಶುರು ಮಾಡಿ ಕಣ್ಣಿನಲ್ಲಿ ನೋಡಿ ಸರಿಮಾಡಬೇಕು. ಅಕ್ಕ ಒಳಗೆ ಹೋಗಿ ಹುಡುಗಿಯರ ಸೀರೆ ಕಾಸ್ಟ್ಯೂಮುಗಳನ್ನೇ ತಂದು ಗೋಡೆಯ ಮೇಲೆ ಹರಡಿದರು. ಅರಗಿನ ಕೆಂಪು ರೇಷ್ಮೆಯ ಮೇಲೆ ಬರೀ ನೀಲಿ ಹಾಕಿದಾಗ ಸೀರೆ ಕಪ್ಪಾಗಿ, ಜರಿ ಅಂಚು ಮಾತ್ರ ತೇಲಿತು. ಹಸಿರು ರೇಷ್ಮೆ ಕೆಂಪು ಬೆಳಕಿನಲ್ಲಿ ಸತ್ತುಹೋಯಿತು. ವರ್ಣದ ಹುಡುಗಿಯದು ಅರಗಿನ ಸೀರೆ. ಆದ್ದರಿಂದ ನೀಲಿಗೆ ಸ್ವಲ್ಪ ಕೆಂಪು ಬೆರೆಸಿ, ಸೀರೆಗೆ ಮತ್ತೆ ಜೀವ ಬರುವವರೆಗೆ ಏರಿಸಿದೆವು. ಆ ಅಂಕೆಯನ್ನು ಅಕ್ಕ ತಾಳದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡರು.

ಎಲ್‌ಇಡಿಯ ಇನ್ನೊಂದು ದೋಷವನ್ನೂ ತೋರಿಸಿದೆ. ಪೂರ್ತಿಯಿಂದ ಅರ್ಧಕ್ಕೆ ಇಳಿಯುವಾಗ ನುಣ್ಣಗೆ ಇಳಿಯುತ್ತದೆ. ಕೊನೆಗೆ ನಾಲ್ಕು, ಮೂರು, ಎರಡು, ಒಂದು ಎಂದು ಬರುವಾಗ ಮೆಟ್ಟಿಲು ಮೆಟ್ಟಿಲಾಗಿ ಕುಕ್ಕುತ್ತದೆ. ಹಳೆಯ ಬಲ್ಬಿನ ತಂತಿ ಕರೆಂಟ್ ಹೋದರೂ ನಿಧಾನವಾಗಿ ತಣ್ಣಗಾಗಿ ಆರುತ್ತಿತ್ತು, ಆ ಸೌಂದರ್ಯ ಇದಕ್ಕಿಲ್ಲ. ಹಾಗಾಗಿ ಅಗ್ಗದ ದೀಪದಲ್ಲಿ ಪೂರ್ತಿ ಕತ್ತಲಿಗೆ ನಿಧಾನವಾಗಿ ಕರಗುವ ಆಸೆ ಬಿಡಬೇಕು. ಬಣ್ಣದಿಂದ ಬಣ್ಣಕ್ಕೆ ಹೋಗಬೇಕು.

"ಗುಂಡಿ ಒತ್ತುವವರು ಯಾರು? ನೀನಾ?"

ನಾನಲ್ಲ ಅಕ್ಕ. ನಿಮ್ಮ ಹುಡುಗಿಯರಲ್ಲೇ ಒಬ್ಬಳು. ವರ್ಣ ಪೂರ್ತಿ ಗೊತ್ತಿರುವವಳು, ಈ ಸಲ ಕುಣಿಯದವಳು. ಕಾಲು ಉಳುಕಿದ ಹುಡುಗಿ ಒಬ್ಬಳಿದ್ದಾಳಲ್ಲ? ಅವಳಿಗೆ ಆ ಸಾಲು ಎಲ್ಲಿ ತಿರುಗುತ್ತದೆ ಎಂದು ನನಗಿಂತ ಚೆನ್ನಾಗಿ ಗೊತ್ತು. ನೀವು ಕಣ್ಣಿನಲ್ಲಿ ಇನ್ನೊಂದಾವರ್ತ ಎಂದರೆ ಅವಳಿಗೆ ಅರ್ಥವಾಗುತ್ತದೆ. ಮೈಕಿನ ತೂತಿಗೆ ಕಪ್ಪು ಟೇಪ್ ಅಂಟಿಸಿಬಿಡೋಣ, ಕೈತಪ್ಪಿ ಸೌಂಡ್ ಮೋಡ್‌ಗೆ ಹೋದರೂ ಕುಣಿಯದಿರಲಿ. ಕೇಬಲ್‌ಗೆ ರಿಚ್ಚಿ ಸ್ಟ್ರೀಟಿಗೆ ಹೋಗಬೇಕು. ಮೈಕಿನ ಕೇಬಲ್ಲೂ ಇದೇ ಮೂರು ಪಿನ್ನಿನದು, ಹತ್ತಿಪ್ಪತ್ತು ಅಡಿಗೆ ನಡೆದೀತು. ಸ್ಟೇಜಿನ ಈ ಕಡೆಯಿಂದ ಆ ಕಡೆಗೆ ಎಳೆದಾಗ ಕೈಕೊಟ್ಟರೆ ಕಷ್ಟ. ಡಿಎಂಎಕ್ಸ್ ಕೇಬಲ್ ಎಂದೇ ಕೇಳಿ ತರೋಣ. ಕೊನೆಯ ದೀಪದ ತುದಿಗೆ 120 ಓಮ್ ರೆಸಿಸ್ಟರ್ ಬೆಸೆದ ಒಂದು ಪ್ಲಗ್ ಬೇಕು, ಅದನ್ನು ನಾನು ಮಾಡಿಕೊಡುತ್ತೇನೆ.

ಕೊನೆಗೆ ಒಂದು ಪರೀಕ್ಷೆ ಬಾಕಿ ಇತ್ತು. ಹಾಲ್‌ನಲ್ಲಿ ಕರೆಂಟ್ ಹೋಗಿ ಜನರೇಟರ್ ಬರುವುದಕ್ಕೆ ಕೆಲವು ಸೆಕೆಂಡ್ ಆಗುತ್ತದೆ. ಆಮೇಲೆ ದೀಪ ಎಲ್ಲಿ ಎಚ್ಚರಗೊಳ್ಳುತ್ತದೆ? ಬರೆದಿಟ್ಟ ಕಾರ್ಯಕ್ರಮ ಓಡುತ್ತಿದ್ದರೆ ಮೊದಲ ಹೆಜ್ಜೆಯಿಂದ ಮತ್ತೆ ಶುರು ಮಾಡುತ್ತದೆ, ಕೊನೆಯ ತಿಲ್ಲಾನದ ನಡುವೆ ಮೊದಲಿನ ಪುಷ್ಪಾಂಜಲಿಯ ಬೆಳಕು. ನಿಂತ ಬಣ್ಣದಲ್ಲಿದ್ದರೆ ಅದೇ ಬಣ್ಣಕ್ಕೆ ಬರಬೇಕು. ಬರಬೇಕು ಎಂದು ನಂಬಿ ಕೂರುವ ಬದಲು ಎಂಟನ್ನೂ ತಂದು ಒಂದೊಂದಾಗಿ ಪ್ಲಗ್ ಕಿತ್ತು ಹಾಕಿ ನೋಡಿದೆವು. ಏಳು ದೀಪ ಬೆಚ್ಚನೆಯ ಬಿಳಿಗೇ ವಾಪಸ್ ಬಂದವು. ಎಂಟನೆಯದು ಎಲ್ಲ ಮರೆತು, ತಾನೇ ಆಟೋಗೆ ಹೋಗಿ ಬಣ್ಣ ಸುತ್ತತೊಡಗಿತು. ಎರಡು ಮೂರು ಸಲ ಮಾಡಿದರೂ ಅದೇ. ಬೇರೆ ಲಾಟಿನದು ಇರಬೇಕು.

"ಅದನ್ನು ಸ್ಟೇಜಿಗೆ ತರುವುದು ಬೇಡ," ಎಂದರು ಅಕ್ಕ. "ಬಾಗಿಲಲ್ಲಿ ರಂಗೋಲಿ ಹಾಕಿಸ್ತೇನಲ್ಲ, ಅಲ್ಲಿಗೆ ಇರಲಿ. ಒಂದು ವಿಂಗಿಗೆ, ಆರು ಸ್ಟೇಜಿಗೆ. ನಾಳೆ ರಿಚ್ಚಿ ಸ್ಟ್ರೀಟಿಗೆ ಎಷ್ಟು ಹೊತ್ತಿಗೆ ಹೋಗುವಾ?"